ಫಂಗಸ್ ಹೊದ್ದ ಸಕ್ಕರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕೆಲಸ ಮೆಡಿಕಲ್ ಕಾಲೇಜೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ, ಮನೆತನದ್ದು ಮಲೆನಾಡಿನ ಅಡಿಕೆ ತೋಟ. ಹಾಗಾಗಿ ಫಂಗಸ್ ವಿಷಯಕ್ಕೆ ಎರಡೂ ಕಡೆಯವರು ನನ್ನನ್ನು ಹಿಡಿಯುತ್ತಾರೆ. ವಾರ್ಡಿನ ಹೊರಗೆ ರಿಪೋರ್ಟ್ ಹಿಡಿದು ನಿಂತವರು ಕೆಲವರು, ಆಷಾಢದಲ್ಲಿ ಕೊಳೆತ ಅಡಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ಜಗಲಿಯ ಮೇಲೆ ಸುರಿಯುವ ನೆಂಟರು ಕೆಲವರು. ಇಬ್ಬರ ಪ್ರಶ್ನೆಗಳೂ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಫಂಗಸ್ ತನ್ನ ಮೈಮೇಲೆ ಏನನ್ನು ಹೊದ್ದಿದೆ, ಅದರಲ್ಲಿ ಯಾವುದನ್ನು ತೋರಿಸುತ್ತದೆ, ಯಾವುದನ್ನು ಮುಚ್ಚುತ್ತದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಮೊದಲು ಕೇಳುವವು

ಫಂಗಸ್ ಮೈಮೇಲೆ ಸಕ್ಕರೆ ಇದೆ ಅಂತೀರಲ್ಲ, ನೆಕ್ಕಿದ್ರೆ ಸಿಹಿ ಇರುತ್ತಾ?

ಇರುವುದಿಲ್ಲ. ಬಿಡಿ ಸಕ್ಕರೆ ನಾಲಿಗೆಗೆ ಸಿಹಿ. ಅದೇ ಸಕ್ಕರೆಯ ಸಾವಿರಾರು ಅಣುಗಳನ್ನು ಮಣಿಸರದ ಹಾಗೆ ಪೋಣಿಸಿದರೆ ಸಿಹಿ ಹೋಗುತ್ತದೆ, ಎಷ್ಟೋ ಸಲ ನೀರಿನಲ್ಲಿ ಕರಗುವುದೂ ನಿಲ್ಲುತ್ತದೆ. ಹತ್ತಿಯ ನೂಲು ಹೆಚ್ಚುಕಡಿಮೆ ಪೂರ್ತಿ ಗ್ಲೂಕೋಸಿನ ಸರವೇ, ಹಾಗಂತ ಯಾರೂ ಕಾಫಿಗೆ ಪಂಚೆ ಅದ್ದಿಕೊಳ್ಳುವುದಿಲ್ಲ.

ನಮ್ಮ ಜೀವಕೋಶಕ್ಕೆ ತೆಳ್ಳನೆಯ ಪೊರೆ ಮಾತ್ರ ಇದೆ. ಫಂಗಸ್‌ಗೆ ಆ ಪೊರೆಯ ಹೊರಗೆ ಗಟ್ಟಿಯಾದ ಗೋಡೆಯೂ ಇದೆ, ಆ ಗೋಡೆಯ ಬಹುಪಾಲು ಇಂಥ ಸಕ್ಕರೆ ಸರಗಳೇ. ಎಳೆ ಮಕ್ಕಳ ನಾಲಿಗೆಯ ಮೇಲೆ ಬೆಳ್ಳಗೆ ಮೊಸರಿನ ಹಾಗೆ ಕಟ್ಟುತ್ತದಲ್ಲ, ಆ ಕ್ಯಾಂಡಿಡಾವನ್ನೇ ನೋಡಿ. ಅದರ ಗೋಡೆಯ ಒಳಪದರದಲ್ಲಿ ಕೈಟಿನ್ ಇದೆ. ಏಡಿಯ ಚಿಪ್ಪಿನಲ್ಲಿ, ಜಿರಲೆಯ ಬೆನ್ನಿನಲ್ಲಿ ಇರುವುದೂ ಅದೇ. ಕೈಟಿನ್ ಜೊತೆ ಹೆಣೆದುಕೊಂಡು ಬೀಟಾ-ಗ್ಲೂಕಾನ್, ಅಂದರೆ ಗ್ಲೂಕೋಸಿನ ಸರ. ಹೊರಪದರದಲ್ಲಿ ಪ್ರೋಟೀನಿಗೆ ಅಂಟಿ ಕೂದಲಿನ ಹಾಗೆ ನಿಂತಿರುವುದು ಮ್ಯಾನಾನ್, ಅಂದರೆ ಮ್ಯಾನೋಸ್ ಎಂಬ ಸಕ್ಕರೆಯ ಸರ. ಗೋಡೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಗ್ಲೂಕಾನ್, ಶೇ. 30ರಿಂದ 40ರಷ್ಟು ಮ್ಯಾನಾನ್ ಮತ್ತದರ ಪ್ರೋಟೀನು, ಕೈಟಿನ್ ಶೇ. 1ರಿಂದ 3 ಅಷ್ಟೇ. ಕಡಿಮೆಯಿದ್ದರೂ ಕಟ್ಟಡದ ಕಬ್ಬಿಣದ ಸರಳು ಅದು.

ಕೈಟಿನ್ ಮೊದಲು ಸಿಕ್ಕಿದ್ದು ಏಡಿಯಲ್ಲೂ ಅಲ್ಲ, ಕೀಟದಲ್ಲೂ ಅಲ್ಲ. ಫ್ರಾನ್ಸಿನ ಹೆನ್ರಿ ಬ್ರಾಕೊನೊ 1811ರಲ್ಲಿ ಅದನ್ನು ಅಣಬೆಯಿಂದ ಬೇರ್ಪಡಿಸಿದ. ಕೀಟದಲ್ಲಿ ಕಂಡು ಕೈಟಿನ್ ಎಂದು ಹೆಸರಿಟ್ಟದ್ದು ಆಮೇಲೆ, 1823ರಲ್ಲಿ.

ಡಯಾಬಿಟಿಸ್ ಇದ್ದವರಿಗೆ ಫಂಗಸ್ ಜಾಸ್ತಿ ಬರುತ್ತೆ. ಆ ಸಕ್ಕರೆ, ಈ ಸಕ್ಕರೆ ಎರಡೂ ಒಂದೇನಾ?

ಅಲ್ಲ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಗೊಂದಲಕ್ಕೆ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದೂ ಒಂದು ಕಾರಣ. ರಕ್ತದ ಸಕ್ಕರೆ ಬಿಡಿ ಗ್ಲೂಕೋಸು. ಫಂಗಸ್‌ನ ಸಕ್ಕರೆ ಅದು ತಾನೇ ನೇಯ್ದುಕೊಂಡ ಬಟ್ಟೆ. ನೀವು ಒಂದು ಲಾಡು ಹೆಚ್ಚು ತಿಂದಿದ್ದಕ್ಕೆ ಫಂಗಸ್ ಒಂದು ಪದರ ಹೆಚ್ಚು ಹೊದೆಯುವುದಿಲ್ಲ.

ಆದರೆ ರಕ್ತದ ಸಕ್ಕರೆ ಹಿಡಿತ ತಪ್ಪಿದಾಗ ಬೇರೆ ದಾರಿಗಳು ತೆರೆದುಕೊಳ್ಳುತ್ತವೆ. 2021ರ ಬೇಸಿಗೆಯಲ್ಲಿ, ಕೋವಿಡ್ ಎರಡನೇ ಅಲೆಯ ಬೆನ್ನಿಗೆ ‘ಕಪ್ಪು ಫಂಗಸ್’ ಬಂದಾಗ ನೋಡಿದ್ದು ಅದನ್ನೇ. ಸಕ್ಕರೆ ಏರಿ ರಕ್ತ ಹುಳಿಯಾದರೆ ಪ್ರೋಟೀನುಗಳು ಹಿಡಿದಿಟ್ಟ ಕಬ್ಬಿಣ ಸಡಿಲವಾಗುತ್ತದೆ, ಈ ಕಾಯಿಲೆ ತರುವ ಮ್ಯೂಕರ್ ಜಾತಿಯ ಫಂಗಸ್‌ಗೆ ಆ ಕಬ್ಬಿಣ ಬೇಕು. ಜೊತೆಗೆ ನಮ್ಮ ಜೀವಕೋಶಗಳ ಮೇಲೆ ಜಿಆರ್‌ಪಿ78 ಎಂಬ ಪ್ರೋಟೀನು ಹೆಚ್ಚುತ್ತದೆ, ಈ ಫಂಗಸ್ ತನ್ನ ಕೊಕ್ಕೆ ಸಿಕ್ಕಿಸುವುದು ಅದಕ್ಕೇ. ಇದರ ಮೇಲೆ ಸ್ಟಿರಾಯ್ಡ್ ಕೊಟ್ಟಿದ್ದರೆ ಬಿಳಿ ರಕ್ತಕಣಗಳೂ ಮಂಕಾಗಿರುತ್ತವೆ. ಅಂದ ಹಾಗೆ, ಆ ‘ಕಪ್ಪು’ ಎನ್ನುವುದು ಫಂಗಸ್‌ನ ಬಣ್ಣವಲ್ಲ. ಅದು ರಕ್ತನಾಳಕ್ಕೆ ನುಗ್ಗಿ ರಕ್ತ ನಿಲ್ಲಿಸಿದ ಮೇಲೆ ಸತ್ತ ಮಾಂಸದ ಬಣ್ಣ.

ತಿನ್ನೋ ಅಣಬೆಯಲ್ಲೂ ಬೀಟಾ-ಗ್ಲೂಕಾನ್ ಇದೆಯಂತೆ. ಅದರ ಕ್ಯಾಪ್ಸೂಲ್ ತಗೊಂಡ್ರೆ ಇಮ್ಯುನಿಟಿ ಬರುತ್ತಾ?

ಅಣಬೆಯಲ್ಲಿ ಇದೆ, ಧಾರಾಳವಾಗಿ ತಿನ್ನಿ. ಓಟ್ಸ್ ಡಬ್ಬಿಯ ಮೇಲೆ ಬರೆದಿರುವ ಬೀಟಾ-ಗ್ಲೂಕಾನ್ ಮಾತ್ರ ಬೇರೆ. ಅದರಲ್ಲಿ ಗ್ಲೂಕೋಸುಗಳು 1-3 ಮತ್ತು 1-4 ಕೊಂಡಿಯಲ್ಲಿ (ಒಂದರ ಎಷ್ಟನೇ ಇಂಗಾಲ ಇನ್ನೊಂದರ ಎಷ್ಟನೇದಕ್ಕೆ ಸೇರಿದೆ ಎಂಬ ಅಂಕಿ) ಸೇರಿವೆ, ಫಂಗಸ್‌ನದರಲ್ಲಿ 1-3 ಮತ್ತು 1-6. ಕೊಂಡಿ ಬದಲಾದರೆ ಸರದ ಆಕಾರ ಬದಲಾಗುತ್ತದೆ, ಅದನ್ನು ಗುರುತಿಸುವ ಕೈಯೂ ಬದಲಾಗುತ್ತದೆ.

ಫಂಗಸ್‌ನ ಬೀಟಾ-ಗ್ಲೂಕಾನ್ ತಾಗಿದ ಬಿಳಿ ರಕ್ತಕಣಗಳು ಮುಂದೆ ಬೇರೆ ಸೋಂಕು ಬಂದಾಗಲೂ ಚುರುಕಾಗಿರುತ್ತವೆ ಎಂದು ಲ್ಯಾಬುಗಳಲ್ಲಿ, ಇಲಿಗಳಲ್ಲಿ ತೋರಿಸಿದ್ದಾರೆ. ಆದರೆ ಇಲಿಗೆ ಚುಚ್ಚಿದ ಶುದ್ಧ ವಸ್ತುವಿಗೂ ಅಂಗಡಿಯಲ್ಲಿ ಸಿಗುವ ಸಾವಿರ ರೂಪಾಯಿಯ ಡಬ್ಬಿಗೂ ಬಹಳ ದೂರ. ನನ್ನ ದುಡ್ಡನ್ನು ನಾನು ಅದಕ್ಕೆ ಹಾಕುವುದಿಲ್ಲ.

ಬ್ಯಾಕ್ಟೀರಿಯಾಕ್ಕೂ ಗೋಡೆ ಇದೆಯಲ್ಲ, ಆಂಟಿಬಯಾಟಿಕ್ ತಗೊಂಡ್ರೆ ಇದೂ ಹೋಗಲ್ವಾ?

ಪೆನಿಸಿಲಿನ್ ಒಡೆಯುವುದು ಬ್ಯಾಕ್ಟೀರಿಯಾದ ಗೋಡೆಯನ್ನು, ಅದರ ಇಟ್ಟಿಗೆಯೇ ಬೇರೆ. ಫಂಗಸ್‌ಗೆ ಅದರಿಂದ ಏನೂ ಆಗುವುದಿಲ್ಲ. ಅದೂ ಅಲ್ಲದೆ, ಪಕ್ಕದಲ್ಲಿದ್ದ ಬ್ಯಾಕ್ಟೀರಿಯಾ ಸತ್ತು ಜಾಗ ಖಾಲಿಯಾದರೆ ಕ್ಯಾಂಡಿಡಾಗೆ ಹಬ್ಬ.

## ದೇಹ ಮತ್ತು ಫಂಗಸ್: ಕಣ್ಣಾಮುಚ್ಚಾಲೆ

ಇದು ಫಂಗಸ್ ಅಂತ ನಮ್ಮ ದೇಹಕ್ಕೆ ಹೇಗೆ ಗೊತ್ತಾಗುತ್ತೆ?

ಮುಟ್ಟಿ ನೋಡಿಯೇ ದೇಹ ತಿಳಿಯುತ್ತದೆ. ಬೀಟಾ-ಗ್ಲೂಕಾನ್, ಕೈಟಿನ್ ಎರಡನ್ನೂ ನಮ್ಮ ದೇಹ ತಯಾರಿಸುವುದಿಲ್ಲ. ಆದ್ದರಿಂದ ಅವು ಕಂಡರೆ ಬಂದವನು ಹೊರಗಿನವನು ಎಂದೇ ಲೆಕ್ಕ. ಬಿಳಿ ರಕ್ತಕಣಗಳ ಮೈಮೇಲೆ ಬೇರೆ ಬೇರೆ ಸಕ್ಕರೆ ಹಿಡಿಯುವ ಪ್ರೋಟೀನುಗಳಿವೆ. ಅವುಗಳಲ್ಲಿ ಹೆಸರುವಾಸಿಯಾದದ್ದು ಡೆಕ್ಟಿನ್-1. ಅದು ಬೀಟಾ-ಗ್ಲೂಕಾನ್ ಹಿಡಿಯುವ ಕೈ ಎಂದು 2001ರಲ್ಲಿ ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ ತೋರಿಸಿದರು. ಮ್ಯಾನಾನ್ ಹಿಡಿಯಲು ಡೆಕ್ಟಿನ್-2 ಇದೆ, ಮ್ಯಾನೋಸ್ ರಿಸೆಪ್ಟರ್ ಇದೆ.

ಈ ಕೈ ಇಲ್ಲದಿದ್ದರೆ? 2009ರಲ್ಲಿ ಒಂದು ಡಚ್ ಕುಟುಂಬದ ಕಥೆ ಪ್ರಕಟವಾಯಿತು. ಆ ಮನೆಯ ಹೆಣ್ಣುಮಕ್ಕಳಿಗೆ ಮತ್ತೆ ಮತ್ತೆ ಯೋನಿಯ ಕ್ಯಾಂಡಿಡಾ ಸೋಂಕು, ಉಗುರಿಗೆ ಫಂಗಸ್. ಹುಡುಕಿದರೆ ಡೆಕ್ಟಿನ್-1 ಜೀನಿನ ಸಂದೇಶ ಕೊನೆ ಮುಟ್ಟುವ ಮೊದಲೇ ನಿಂತುಹೋಗುತ್ತಿತ್ತು. ಅದೇ ವರ್ಷ ಒಂದು ಇರಾನಿ ಕುಟುಂಬದಲ್ಲಿ, ಡೆಕ್ಟಿನ್ ಕೊಟ್ಟ ಸುದ್ದಿಯನ್ನು ಜೀವಕೋಶದೊಳಗೆ ಮುಟ್ಟಿಸುವ ಕಾರ್ಡ್9 ಎಂಬ ಪ್ರೋಟೀನೇ ಕೆಟ್ಟಿರುವುದು ಕಂಡಿತು. ಅಲ್ಲಿ ಕಾಯಿಲೆ ಇನ್ನೂ ಉಗ್ರ, ಕ್ಯಾಂಡಿಡಾ ಚರ್ಮ ದಾಟಿ ಒಳಗೆ ಹೋಗಿತ್ತು. ಕೈ ಒಂದು ಹೋದರೆ ಇನ್ನೊಂದು ಕೈ ಇದೆ, ತಂತಿಯೇ ತುಂಡಾದರೆ ಎಲ್ಲ ಕೈಗಳೂ ಮೂಕ. ಡೆಕ್ಟಿನ್-1 ದೋಷವನ್ನು ಹೊತ್ತೂ ಆರಾಮವಾಗಿರುವ ಜನ ಯುರೋಪಿನಲ್ಲಿ ಸಾಕಷ್ಟಿದ್ದಾರೆ.

ಗುರುತು ಅಷ್ಟು ಸುಲಭ ಅಂದ್ರೆ ಫಂಗಸ್ ಸುಮ್ಮನೆ ಸಿಕ್ಕಿಬೀಳುತ್ತಾ?

ಇಲ್ಲ. ಮೇಲೆ ಹೇಳಿದ ಪದರಗಳ ಕ್ರಮವನ್ನು ನೆನಪಿಸಿಕೊಳ್ಳಿ. ದೇಹಕ್ಕೆ ಥಟ್ಟನೆ ಕಣ್ಣಿಗೆ ಬೀಳುವ ಬೀಟಾ-ಗ್ಲೂಕಾನ್ ಒಳಗಿದೆ, ಮ್ಯಾನಾನ್ ಅದರ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿದೆ. ಕ್ಯಾಂಡಿಡಾ ಯೀಸ್ಟ್ ಆಗಿ, ಅಂದರೆ ದುಂಡನೆಯ ಒಂಟಿ ಕೋಶವಾಗಿ ಇರುವಾಗ, ಮೊಗ್ಗೊಡೆದು ಮರಿ ಬೇರ್ಪಟ್ಟ ಜಾಗದಲ್ಲಿ ಒಂದು ಗಾಯದ ಕಲೆ ಉಳಿಯುತ್ತದೆ. ಕಂಬಳಿ ಹರಿದಿರುವುದು ಅಲ್ಲಿ, ಡೆಕ್ಟಿನ್-1 ಹಿಡಿಯುವುದೂ ಅಲ್ಲೇ. ಅದೇ ಕ್ಯಾಂಡಿಡಾ ಉದ್ದನೆಯ ಎಳೆಯಾಗಿ ಬೆಳೆಯತೊಡಗಿದರೆ ಮೊಗ್ಗೂ ಇಲ್ಲ, ಬೇರ್ಪಡುವುದೂ ಇಲ್ಲ, ಆ ಕಲೆಯೂ ಇಲ್ಲ. ಅಂಗಾಂಶಕ್ಕೆ ನುಗ್ಗುವುದು ಈ ಎಳೆಯೇ.

ನನಗೆ ಬಹಳ ಹಿಡಿಸಿದ ಸಂಗತಿ 2016ರದ್ದು. ಲ್ಯಾಕ್ಟಿಕ್ ಆಮ್ಲದ ಉಪ್ಪು, ಅಂದರೆ ಲ್ಯಾಕ್ಟೇಟ್, ಸುತ್ತಲಿದೆ ಎಂದು ಗೊತ್ತಾದರೆ ಕ್ಯಾಂಡಿಡಾ ತನ್ನ ಬೀಟಾ-ಗ್ಲೂಕಾನನ್ನು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಲ್ಯಾಕ್ಟೇಟ್ ಇರುವುದು ಎಲ್ಲಿ? ನಮ್ಮ ದೇಹದಲ್ಲಿ, ಯೋನಿಯ ಒಳ್ಳೆಯ ಬ್ಯಾಕ್ಟೀರಿಯಾಗಳ ನಡುವೆ. ಯಾರ ಮನೆಗೆ ಬಂದಿದ್ದೇನೆ ಎಂದು ಗಾಳಿಯಲ್ಲೇ ಮೂಸಿ ತಿಳಿದು ಮುಸುಕು ಎಳೆದುಕೊಂಡ ಹಾಗೆ.

ಹಿಸ್ಟೊಪ್ಲಾಸ್ಮಾ ಎಂಬ ಶ್ವಾಸಕೋಶದ ಫಂಗಸ್ ಇನ್ನೊಂದು ಬಟ್ಟೆ ತೊಡುತ್ತದೆ. ಅದರ ಹಲವು ತಳಿಗಳು ಬೀಟಾ-ಗ್ಲೂಕಾನ್ ಮೇಲೆ ಆಲ್ಫಾ-ಗ್ಲೂಕಾನ್ ಪದರ ಹಾಕುತ್ತವೆ. ಎರಡೂ ಗ್ಲೂಕೋಸಿನದೇ, ಕೊಂಡಿಯ ತಿರುವು ಮಾತ್ರ ಬೇರೆ. ಅಷ್ಟಕ್ಕೇ ಡೆಕ್ಟಿನ್-1 ಕುರುಡಾಗುತ್ತದೆ.

ಬೂಷ್ಟಿನ ಬೀಜಾಣು ದಿನಾ ಉಸಿರಾಡ್ತೀವಿ ಅಂತಾರೆ. ಹಾಗಾದ್ರೆ ದಿನಾ ಯಾಕೆ ಜ್ವರ ಬರಲ್ಲ?

ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಾಣುಗಳು ದಿನಕ್ಕೆ ನೂರಾರು ನಮ್ಮ ಶ್ವಾಸಕೋಶಕ್ಕೆ ಹೋಗುತ್ತವೆ. ಗಾತ್ರ 2ರಿಂದ 3 ಮೈಕ್ರಾನ್, ಅಂದರೆ ಮೂಗಿನ ಕೂದಲು ಹಿಡಿಯಲಾರದಷ್ಟು ಸಣ್ಣದು. ಒಣ ಬೀಜಾಣುವಿನ ಮೇಲೆ ರಾಡ್‌ಎ ಎಂಬ ಪ್ರೋಟೀನಿನ ಕಡ್ಡಿಗಳು ಒತ್ತೊತ್ತಾಗಿ ಹಾಸಿಕೊಂಡಿವೆ, ಕೆಳಗೆ ಕಪ್ಪು ವರ್ಣದ್ರವ್ಯ. ಆ ಹಾಸು ಇರುವವರೆಗೆ ಬಿಳಿ ರಕ್ತಕಣ ತಲೆಕೆಡಿಸಿಕೊಳ್ಳುವುದಿಲ್ಲ. ಪ್ರತಿ ಉಸಿರಿಗೂ ಉರಿ ಎದ್ದಿದ್ದರೆ ನಾವು ಬದುಕುತ್ತಿರಲಿಲ್ಲ, ಆದ್ದರಿಂದ ಈ ಮೌನ ನಮಗೂ ಲಾಭವೇ.

ಒಳಗೆ ತೇವ ಸಿಕ್ಕಿ ಬೀಜಾಣು ಕೆಲವು ಗಂಟೆಗಳಲ್ಲಿ ಉಬ್ಬಿದಾಗ ಹಾಸು ಸೀಳಿ ಬೀಟಾ-ಗ್ಲೂಕಾನ್ ಹೊರಬೀಳುತ್ತದೆ. ಆರೋಗ್ಯವಂತರಲ್ಲಿ ಕಥೆ ಅಲ್ಲಿಗೆ ಮುಗಿಯಿತು, ಬಿಳಿ ರಕ್ತಕಣಗಳು ಬಂದು ತಿಂದುಹಾಕುತ್ತವೆ. ಕೀಮೋಥೆರಪಿಯಿಂದ ಬಿಳಿ ರಕ್ತಕಣ ಇಳಿದವರಲ್ಲಿ ಬೀಜಾಣು ಎಳೆ ಬಿಡುತ್ತದೆ, ಎಳೆಯ ಮೇಲೆ ಗ್ಯಾಲಕ್ಟೊಸಮಿನೊಗ್ಯಾಲಕ್ಟಾನ್ ಎಂಬ ಅಂಟು ಸಕ್ಕರೆ ಒಸರುತ್ತದೆ. ಹೆಸರು ಹೇಳುವಷ್ಟರಲ್ಲಿ ನಾಲಿಗೆ ಹೊರಳುತ್ತದೆ, ಕೆಲಸ ಮಾತ್ರ ಎರಡೇ: ಅಂಗಾಂಶಕ್ಕೆ ಅಂಟುವುದು, ಕೆಳಗಿನ ಬೀಟಾ-ಗ್ಲೂಕಾನನ್ನು ಮತ್ತೆ ಮುಚ್ಚುವುದು.

ಪಾರಿವಾಳದ ಹಿಕ್ಕೆಯಿಂದ ಮೆದುಳು ಜ್ವರ ಬರುತ್ತಂತೆ, ನಿಜಾನಾ? ಅದರಲ್ಲಿ ಸಕ್ಕರೆ ಎಲ್ಲಿ ಬಂತು?

ನಿಜ. ಕ್ರಿಪ್ಟೊಕಾಕಸ್ ಎಂಬ ಯೀಸ್ಟು ಒಣಗಿದ ಹಿಕ್ಕೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ, ಮರದ ಪೊಟರೆಗಳಲ್ಲೂ ಇರುತ್ತದೆ. ಬಾಲ್ಕನಿಯಲ್ಲಿ ಪಾರಿವಾಳ ಕೂತ ಮಾತ್ರಕ್ಕೆ ಹೆದರಬೇಕಿಲ್ಲ. ಹೆಚ್ಚಿನವರಲ್ಲಿ ಇದು ಸದ್ದಿಲ್ಲದೆ ಬಂದು ಹೋಗುತ್ತದೆ. ಎಚ್‌ಐವಿಯಿಂದ ಸಿಡಿ4 ಎಂಬ ರೋಗನಿರೋಧಕ ಕಣಗಳು 100ಕ್ಕಿಂತ ಕೆಳಗೆ ಬಿದ್ದವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಎಚ್ಚರ ಇರಬೇಕು.

ಇಡೀ ವಿಷಯದಲ್ಲಿ ಸಕ್ಕರೆಯನ್ನು ಕಣ್ಣಾರೆ ನೋಡಲು ಸಿಗುವುದು ಇಲ್ಲಿ ಮಾತ್ರ. ರೋಗಿಯ ಬೆನ್ನಿನ ನೀರು ಲ್ಯಾಬಿಗೆ ಬರುತ್ತದೆ, ನೋಡಲು ಬರೀ ನೀರಿನಷ್ಟೇ ತಿಳಿ. ಅದನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಅಡಿಯಲ್ಲಿ ಕೂತದ್ದರಿಂದ ಒಂದು ಹನಿಯನ್ನು ಸ್ಲೈಡಿಗೆ ಹಾಕಿ, ಒಂದು ಸಣ್ಣ ಹನಿ ಇಂಡಿಯಾ ಇಂಕ್ ಬೆರೆಸಿ ಕವರ್‌ಸ್ಲಿಪ್ ಮುಚ್ಚುತ್ತೇವೆ. ಮಸಿ ಹೆಚ್ಚಾದರೆ ಕತ್ತಲೆ, ಕಡಿಮೆಯಾದರೆ ಏನೂ ಕಾಣದು. ಹದ ಸಿಕ್ಕರೆ ಕಂದು-ಕಪ್ಪು ಹಿನ್ನೆಲೆಯಲ್ಲಿ ದುಂಡನೆಯ ಯೀಸ್ಟು, ಅದರ ಸುತ್ತ ಮಸಿಯ ಒಂದೇ ಒಂದು ಕಣವೂ ನುಗ್ಗಲಾಗದ ಬೆಳ್ಳನೆಯ ಬಳೆ, ಮಳೆಗಾಲದ ಚಂದ್ರ ಗುಡಿ ಕಟ್ಟಿದ ಹಾಗೆ. ಆ ಬಳೆಯೇ ಸಕ್ಕರೆಯ ಕೋಟು. ಹೊಸಬರು ಗಾಳಿಗುಳ್ಳೆಯನ್ನೋ ಬಿಳಿ ರಕ್ತಕಣವನ್ನೋ ನೋಡಿ ‘ಸಿಕ್ತು’ ಎನ್ನುತ್ತಾರೆ. ಒಂದಾದರೂ ಮೊಗ್ಗೊಡೆದ ಯೀಸ್ಟ್ ತೋರಿಸು, ಆಮೇಲೆ ರಿಪೋರ್ಟ್ ಬರಿ ಎನ್ನುತ್ತೇನೆ.

ಆ ಕೋಟಿನ ಸುಮಾರು ಶೇ. 90ರಷ್ಟು ಸಕ್ಕರೆ ಒಂದೇ ಬಗೆಯದು, ಜಿಎಕ್ಸ್‌ಎಂ ಎಂದು ಅದರ ಗಿಡ್ಡ ಹೆಸರು. ಅದು ನೀರು ಹೀರಿ ಉಬ್ಬಿದ ಲೋಳೆ. ಕೆಳಗಿನ ಗೋಡೆ ಪೂರ್ತಿ ಮುಚ್ಚಿಹೋಗಿರುವುದರಿಂದ ಬಿಳಿ ರಕ್ತಕಣಕ್ಕೆ ಹಿಡಿತವೇ ಸಿಗುವುದಿಲ್ಲ, ಎಣ್ಣೆ ಹಚ್ಚಿಕೊಂಡ ಪೈಲ್ವಾನನನ್ನು ಹಿಡಿದ ಹಾಗೆ. ಸಾಲದ್ದಕ್ಕೆ ಯೀಸ್ಟು ಈ ಲೋಳೆಯನ್ನು ಸುತ್ತಲೂ ಕಳಚಿ ಬಿಡುತ್ತದೆ. ಅದು ರೋಗನಿರೋಧಕ ಕಣಗಳನ್ನು ತೂಕಡಿಸುವಂತೆ ಮಾಡುತ್ತದೆ. ಮೆದುಳಿನ ಸುತ್ತಲಿನ ನೀರು ಹರಿದುಹೋಗುವ ಜಾಲಂಧ್ರಗಳಲ್ಲಿ ಯೀಸ್ಟೂ ಲೋಳೆಯೂ ಸೇರಿ ಕಟ್ಟಿಕೊಂಡರೆ ತಲೆಯೊಳಗಿನ ಒತ್ತಡ ಏರುತ್ತದೆ. ತಲೆ ಸಿಡಿಯುವಂಥ ನೋವು, ಕಣ್ಣು ಮಂಜು. ಇಂಥವರಿಗೆ ಮತ್ತೆ ಮತ್ತೆ ಬೆನ್ನಿನ ನೀರು ತೆಗೆಯುವುದು ಪರೀಕ್ಷೆಗಲ್ಲ, ಅದೇ ಚಿಕಿತ್ಸೆ. ಮನೆಯವರು ‘ಎಷ್ಟು ಸಲ ಚುಚ್ತೀರಿ’ ಎಂದು ಜಗಳಕ್ಕೆ ಬರುತ್ತಾರೆ, ಇದನ್ನು ಬಿಡಿಸಿ ಹೇಳಿದರೆ ಒಪ್ಪುತ್ತಾರೆ.

## ಗದ್ದೆ, ತೋಟ

ಗಿಡಕ್ಕೆ ಬಿಳಿ ರಕ್ತಕಣ ಇಲ್ವಲ್ಲ. ಅದಕ್ಕೆ ಫಂಗಸ್ ಬಂದಿದ್ದು ಹೇಗೆ ತಿಳಿಯುತ್ತೆ?

ಗಿಡದ ಪ್ರತಿ ಜೀವಕೋಶವೂ ತನ್ನ ಕಾವಲು ತಾನೇ ಕಾಯುತ್ತದೆ. ಫಂಗಸ್ ತಾಗಿದೊಡನೆ ಗಿಡ ಕೈಟಿನೇಸ್ ಎಂಬ ಕಿಣ್ವ ಬಿಟ್ಟು ಅದರ ಗೋಡೆಯನ್ನು ಕತ್ತರಿಸುತ್ತದೆ. ಉದುರಿದ ತುಣುಕುಗಳನ್ನು, ಅದರಲ್ಲೂ ಏಳೆಂಟು ಮಣಿಗಳ ತುಣುಕನ್ನು, ಇನ್ನೊಂದು ಪ್ರೋಟೀನು ಹಿಡಿದು ಗಂಟೆ ಬಾರಿಸುತ್ತದೆ. ಭತ್ತದಲ್ಲಿ ಸೆಬಿಪ್ ಎಂಬ ಆ ಪ್ರೋಟೀನನ್ನು ಜಪಾನಿನವರು 2006ರಲ್ಲಿ ಗುರುತಿಸಿದರು.

ಟೊಮೆಟೊ ಎಲೆಯ ಹಿಂದೆ ಬೂಷ್ಟು ಕಟ್ಟಿಸುವ ಕ್ಲಾಡೊಸ್ಪೋರಿಯಂ ಫಲ್ವಂ ಇದಕ್ಕೆ ಎರಡು ಉಪಾಯ ಇಟ್ಟುಕೊಂಡಿದೆ. ಅವಿಆರ್4 ಎಂಬ ಪ್ರೋಟೀನನ್ನು ತನ್ನ ಕೈಟಿನ್ ಮೇಲೆ ಹೊದಿಸಿ ಗಿಡದ ಕತ್ತರಿ ತಾಗದಂತೆ ನೋಡಿಕೊಳ್ಳುತ್ತದೆ. ಆದರೂ ಉದುರಿದ ತುಣುಕುಗಳನ್ನು ಇಸಿಪಿ6 ಎಂಬ ಇನ್ನೊಂದು ಪ್ರೋಟೀನು ಗಿಡಕ್ಕಿಂತ ಮೊದಲೇ ಬಾಚಿಕೊಳ್ಳುತ್ತದೆ. ಕಳ್ಳ ಬಾಗಿಲು ಮುರಿದು, ಬಿದ್ದ ಚಕ್ಕೆಯನ್ನೂ ಗುಡಿಸಿಕೊಂಡು ಹೋದಂತೆ.

ಭತ್ತದ ಬೆಂಕಿ ರೋಗದಲ್ಲೂ ಇದೇ ನಾಟಕಾನಾ?

ಅದರಲ್ಲಿ ಇನ್ನೂ ಚೆಂದ. ಭತ್ತಕ್ಕೂ ರಾಗಿಗೂ ಬೆಂಕಿ ರೋಗ ತರುವುದು ಒಂದೇ ಜಾತಿಯ ಫಂಗಸ್ಸಿನ ಬೇರೆ ಬೇರೆ ಕುಲ. ಎಲೆಯ ಮೇಲೆ ಬಿದ್ದ ಬೀಜಾಣು ಮೊಳೆತು, ತುದಿಯಲ್ಲಿ ಒಂದು ಕಪ್ಪು ಗುಮ್ಮಟ ಕಟ್ಟುತ್ತದೆ. ಗುಮ್ಮಟದೊಳಗೆ ಗ್ಲಿಸರಾಲ್ ತುಂಬಿ, ನೀರು ನುಗ್ಗಿ, ಒತ್ತಡ ಸುತ್ತಲಿನ ಗಾಳಿಯ ಒತ್ತಡದ 80 ಪಟ್ಟಾಗುತ್ತದೆ. ಕಾರಿನ ಟೈರಿನಲ್ಲಿ ಇರುವುದರ ಮೂವತ್ತು ಪಟ್ಟಿಗೂ ಹೆಚ್ಚು. ಆ ಒತ್ತಡದಿಂದ ಸೂಜಿಯಂಥ ಮೊಳೆಯೊಂದು ಎಲೆಯನ್ನು ಚುಚ್ಚುತ್ತದೆ.

ಒಳಗೆ ಹೋದ ಎಳೆ ಹಿಸ್ಟೊಪ್ಲಾಸ್ಮಾ ಮನುಷ್ಯರಲ್ಲಿ ಮಾಡುವುದನ್ನೇ ಇಲ್ಲಿ ಮಾಡುತ್ತದೆ, ಆಲ್ಫಾ-ಗ್ಲೂಕಾನ್ ಹೊದೆಯುತ್ತದೆ. ಭತ್ತಕ್ಕೆ ಆ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಇಲ್ಲ, ಹಾಗಾಗಿ ಕೆಳಗಿನ ಕೈಟಿನ್‌ಗೆ ಕತ್ತರಿ ತಾಗುವುದಿಲ್ಲ. ಜಪಾನಿನ ತಂಡವೊಂದು ಬ್ಯಾಕ್ಟೀರಿಯಾದಿಂದ ಆ ಕಿಣ್ವದ ಜೀನನ್ನು ತೆಗೆದು ಭತ್ತಕ್ಕೆ ಸೇರಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಆ ಭತ್ತ ಬೆಂಕಿ ರೋಗವನ್ನಷ್ಟೇ ಅಲ್ಲ, ಕಂದು ಚುಕ್ಕೆ ರೋಗ ತರುವ ಫಂಗಸ್ಸನ್ನೂ ತಡೆಯಿತು. ಲ್ಯಾಬಿನ ಭತ್ತ ಅದು, ಗದ್ದೆಗೆ ಬಂದಿಲ್ಲ. ಆದರೆ ಕೋಟು ಕಳಚಿದರೆ ಗಿಡವೇ ತನ್ನನ್ನು ನೋಡಿಕೊಳ್ಳುತ್ತದೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಕಡಿಮೆ.

ಅಡಿಕೆ ಕೊಳೆರೋಗದ ಫಂಗಸ್‌ಗೂ ಕೈಟಿನ್ ಗೋಡೆನಾ?

ನಮ್ಮ ಮಾವ ಪ್ರತಿ ಮಳೆಗಾಲ ಕೇಳುವ ಪ್ರಶ್ನೆ. ಉತ್ತರ ಕೇಳಿ ಪ್ರತಿ ಸಲ ಬೇಸರಪಟ್ಟುಕೊಳ್ಳುತ್ತಾರೆ. ಕೊಳೆರೋಗ, ದಕ್ಷಿಣ ಕನ್ನಡದವರ ಮಹಾಳಿ, ತರುವ ಫೈಟಾಫ್ತೊರಾ ನಿಜವಾದ ಫಂಗಸ್ಸೇ ಅಲ್ಲ. ನೋಡಲು ಬೂಷ್ಟಿನಂತೆ ಇದ್ದರೂ ಅದರ ಸಂಬಂಧ ಪಾಚಿಗಳ ಕಡೆಗೆ. ಗೋಡೆ ಸೆಲ್ಯುಲೋಸ್ ಮತ್ತು ಬೀಟಾ-ಗ್ಲೂಕಾನಿನದು, ಕೈಟಿನ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕೈಟಿನ್ ತಿನ್ನುತ್ತದೆ ಎಂದು ಹೇಳಿ ಮಾರುವ ಯಾವ ದ್ರಾವಣವನ್ನೂ ಕೊಳೆಗೆ ಅಂತ ನಾನು ಕೊಳ್ಳುವುದಿಲ್ಲ.

ಗಿಡಗಳು ಇದನ್ನು ಗುರುತಿಸುವುದು ಗ್ಲೂಕಾನಿನಿಂದ. ಫೈಟಾಫ್ತೊರಾ ಗೋಡೆಯಿಂದ ಉದುರಿದ, ಏಳು ಗ್ಲೂಕೋಸುಗಳ ಒಂದು ಕವಲು ತುಣುಕು ಸಾಕು, ಸೋಯಾ ಗಿಡ ಎಚ್ಚೆತ್ತು ತನ್ನ ವಿಷ ತಯಾರಿಸತೊಡಗುತ್ತದೆ ಎಂದು ಅಮೆರಿಕದಲ್ಲಿ 1980ರ ದಶಕದಲ್ಲೇ ಕಂಡುಕೊಂಡಿದ್ದರು.

ಕೊಳೆಗೆ ಉಳಿದಿರುವುದು ಹಳೆಯ ದಾರಿಯೇ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಮೇಲೆ ಬರೆದ ಕಾಲದಿಂದ ಬಂದ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಬಿಸಿಲು ಕಂಡಾಗ ಇನ್ನೊಂದು ಸಲ. ಇಲ್ಲವೇ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಬೇಕು. ತಾಮ್ರ ಗೋಡೆಯ ಗೊಡವೆಗೆ ಹೋಗುವುದಿಲ್ಲ, ನೇರ ಒಳಗಿನ ಕಿಣ್ವಗಳನ್ನು ಕೆಡಿಸುತ್ತದೆ.

ಕಾಫಿಯ ಕೊಳೆರೋಗ ತರುವುದು ಮಾತ್ರ ಕೈಟಿನ್ ಗೋಡೆಯ ಅಪ್ಪಟ ಫಂಗಸ್. ನಮ್ಮ ಮಾತು ಅದರ ವೈಜ್ಞಾನಿಕ ಹೆಸರಿನೊಳಗೇ ಹೋಗಿ ಕೂತಿದೆ. 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಅದಕ್ಕೆ ಪೆಲಿಕ್ಯುಲೇರಿಯಾ ಕೊಳೆರೋಗ ಎಂದೇ ನಾಮಕರಣ ಮಾಡಿದ.

## ಟೆಸ್ಟು, ಔಷಧ

ಅಪ್ಪನ ರಿಪೋರ್ಟಲ್ಲಿ ಬೀಟಾ-ಡಿ-ಗ್ಲೂಕಾನ್ 200 ಇದೆ. ಫಂಗಸ್ ಇದೆ ಅಂತಾನೇ ಅರ್ಥಾನಾ?

ಇರಬಹುದು, ಇಲ್ಲದಿರಬಹುದು. ಫಂಗಸ್ ಬೆಳೆಯುವಾಗ ಗೋಡೆಯ ಗ್ಲೂಕಾನ್ ಸ್ವಲ್ಪ ರಕ್ತಕ್ಕೆ ಸೋರುತ್ತದೆ. ಅದನ್ನು ಹಿಡಿಯಲು ಬಳಸುವುದು ಹಾರ್ಸ್‌ಶೂ ಏಡಿಯ ನೀಲಿ ರಕ್ತದಿಂದ ತೆಗೆದ ವಸ್ತು, ಗ್ಲೂಕಾನ್ ತಾಗಿದರೆ ಆ ರಕ್ತ ಹೆಪ್ಪುಗಟ್ಟುತ್ತದೆ. ಬಹಳ ಕಡೆ ಬಳಸುವ ಕಿಟ್ಟಿನಲ್ಲಿ ಒಂದು ಮಿಲಿಲೀಟರಿಗೆ 80 ಪಿಕೊಗ್ರಾಂ ದಾಟಿದರೆ ಪಾಸಿಟಿವ್.

ಆದರೆ ಸಕ್ಕರೆ ಸರ ಯಾವ ಫಂಗಸ್ಸಿನದು ಎಂದು ಏಡಿಯ ರಕ್ತ ಹೇಳುವುದಿಲ್ಲ. ಅದು ಫಂಗಸ್ಸಿನದೇ ಎಂದೂ ಹೇಳುವುದಿಲ್ಲ. ಡಯಾಲಿಸಿಸ್‌ನ ಸೆಲ್ಯುಲೋಸ್ ಪೊರೆ, ಶಸ್ತ್ರಚಿಕಿತ್ಸೆಯಲ್ಲಿ ಒಳಗಿಟ್ಟ ಗಾಜ್ ಬಟ್ಟೆ, ಆಲ್ಬುಮಿನ್ ಅಥವಾ ಇಮ್ಯುನೊಗ್ಲಾಬ್ಯುಲಿನ್ ಬಾಟಲಿ, ಇವೆಲ್ಲ ಸುಳ್ಳು ಪಾಸಿಟಿವ್ ತರಬಲ್ಲವು. ನಿಮ್ಮ ತಂದೆಗೆ ಹಿಂದಿನ ದಿನ ಇವುಗಳಲ್ಲಿ ಏನಾದರೂ ಆಗಿತ್ತೇ ಎಂದು ವೈದ್ಯರನ್ನು ಕೇಳಿ. ಎರಡನೇ ಸ್ಯಾಂಪಲ್ ಕಳಿಸಿದ್ದಾರೆಯೇ ಎಂದೂ ಕೇಳಿ.

ಆಸ್ಪರ್ಜಿಲಸ್ ಅನುಮಾನ ಇದ್ದರೆ ಅದರ ಗೋಡೆಯ ಇನ್ನೊಂದು ಸಕ್ಕರೆಯಾದ ಗ್ಯಾಲಕ್ಟೊಮ್ಯಾನಾನ್ ಹುಡುಕುವ ಟೆಸ್ಟ್ ಬೇರೆ ಇದೆ. ಕ್ರಿಪ್ಟೊಕಾಕಸ್‌ಗೆ ಅದರ ಕೋಟಿನ ಸಕ್ಕರೆಯನ್ನು ಹತ್ತೇ ನಿಮಿಷದಲ್ಲಿ ಪಟ್ಟಿಯ ಮೇಲೆ ತೋರಿಸುವ ಟೆಸ್ಟ್ ಇದೆ, ಇವುಗಳಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಅದರ ಮೇಲೆ. ಮ್ಯೂಕರ್ ಗೋಡೆಯಲ್ಲಿ ಬೀಟಾ-ಗ್ಲೂಕಾನ್ ಬಹಳ ಕಡಿಮೆ, ಗ್ಯಾಲಕ್ಟೊಮ್ಯಾನಾನ್ ಇಲ್ಲ. ಆದ್ದರಿಂದ ಕಪ್ಪು ಫಂಗಸ್‌ನಲ್ಲಿ ಎರಡೂ ನೆಗೆಟಿವ್ ಬರುತ್ತವೆ. ನೆಗೆಟಿವ್ ನೋಡಿ ನಿರಾಳವಾದರೆ ಕಣ್ಣು ಹೋಗಬಹುದು, ಅಲ್ಲಿ ಮಾಂಸದ ತುಣುಕನ್ನೇ ತೆಗೆದು ನೋಡಬೇಕು.

ಗೋಡೆಯನ್ನೇ ಬೀಳಿಸೋ ಔಷಧ ಇಲ್ವಾ?

ಇದೆ. ಕ್ಯಾಸ್ಪೊಫಂಜಿನ್ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, ಆಮೇಲೆ ಮಿಕಾಫಂಜಿನ್, ಅನಿಡುಲಾಫಂಜಿನ್. ಬೀಟಾ-ಗ್ಲೂಕಾನ್ ನೇಯುವ ಕಿಣ್ವವನ್ನು ಇವು ನಿಲ್ಲಿಸುತ್ತವೆ. ನಮ್ಮಲ್ಲಿ ಆ ಕಿಣ್ವವೇ ಇಲ್ಲದ್ದರಿಂದ ದೇಹಕ್ಕೆ ತೊಂದರೆ ಕಡಿಮೆ, ಆಂಫೊಟೆರಿಸಿನ್ ಎಂಬ ಹಳೆಯ ಫಂಗಸ್ ಔಷಧದ ಹಾಗೆ ಕಿಡ್ನಿಯನ್ನು ಹಿಂಡುವುದಿಲ್ಲ. ಇನ್ನೊಂದು ಪುಕ್ಕಟೆ ಲಾಭ: ನೇಯ್ಗೆ ಕೆಟ್ಟ ಗೋಡೆಯಲ್ಲಿ ಕಂಬಳಿ ಸರಿದು ಬೀಟಾ-ಗ್ಲೂಕಾನ್ ಹೊರಗೆ ಕಾಣುತ್ತದೆ, ಬಿಳಿ ರಕ್ತಕಣಗಳೂ ಕೈಜೋಡಿಸುತ್ತವೆ.

ಕೊರತೆಗಳೂ ಇವೆ. ಮಾತ್ರೆಯಾಗಿ ನುಂಗಲು ಆಗದು, ಡ್ರಿಪ್‌ನಲ್ಲೇ ಕೊಡಬೇಕು. ಕ್ರಿಪ್ಟೊಕಾಕಸ್, ಮ್ಯೂಕರ್ ಮೇಲೆ ನಡೆಯುವುದಿಲ್ಲ. ಗ್ಲೂಕಾನ್ ಕಡಿಮೆಯಾದರೆ ಕ್ಯಾಂಡಿಡಾ ಕೈಟಿನ್ ಹೆಚ್ಚಿಸಿ ಗೋಡೆಗೆ ಆನಿಕೆ ಕೊಟ್ಟುಕೊಳ್ಳುತ್ತದೆ. ಕ್ಯಾಂಡಿಡಾ ಆರಿಸ್‌ನಂಥವು ಆ ಕಿಣ್ವದ ಜೀನನ್ನೇ ತುಸು ತಿದ್ದಿಕೊಂಡು ಔಷಧಕ್ಕೆ ಬಗ್ಗದಾಗುತ್ತವೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಪಾಯಕಾರಿ ಫಂಗಸ್‌ಗಳ ಪಟ್ಟಿ ಹೊರಡಿಸಿದಾಗ ಆರಿಸ್ ಮೊದಲ ಸಾಲಿನ ನಾಲ್ಕರಲ್ಲಿತ್ತು. ಕೈಟಿನ್ ನೇಯ್ಗೆಯನ್ನು ನಿಲ್ಲಿಸುವ ಪಾಲಿಆಕ್ಸಿನ್ ಬೆಳೆಗಳ ಮೇಲೆ ಬಳಕೆಯಲ್ಲಿದೆ, ಮನುಷ್ಯರಿಗೆ ಆ ಬಗೆಯದು ಇನ್ನೂ ಬಂದಿಲ್ಲ.

ಗಜಕರ್ಣಕ್ಕೆ ಮುಲಾಮು ಹಚ್ಚಿ ಹಚ್ಚಿ ಸಾಕಾಯ್ತು. ಅದೂ ಈ ಸಕ್ಕರೆಯ ಮಹಿಮೆನಾ?

ಸ್ವಲ್ಪ. ಹುಳುಕಡ್ಡಿ ಎಂದೂ ಕರೆಯುವ ಇದನ್ನು ತರುವ ಟ್ರೈಕೊಫೈಟಾನ್ ಗುಂಪಿನ ರೂಬ್ರಂ ಎಂಬುದರ ಮ್ಯಾನಾನ್ ರೋಗನಿರೋಧಕ ಕಣಗಳನ್ನು ಜೋಮು ಹಿಡಿಸುತ್ತದೆ. ಉರಿ ಕಡಿಮೆ, ವಾಸ ದೀರ್ಘ. ಆದರೆ ಈಗಿನ ಹಟಮಾರಿ ಗಜಕರ್ಣಕ್ಕೆ ದೊಡ್ಡ ಕಾರಣ ಬೇರೆ. ಒಂದು, ಚೀಟಿಯಿಲ್ಲದೆ ಸಿಗುವ ಸ್ಟಿರಾಯ್ಡ್ ಬೆರೆತ ಮುಲಾಮು. ಎರಡು ದಿನ ತುರಿಕೆ ನಿಲ್ಲುತ್ತದೆ, ಫಂಗಸ್ ಹಾಯಾಗಿ ಹರಡುತ್ತದೆ. ಎರಡು, ಟರ್ಬಿನಾಫಿನ್ ಎಂಬ ಫಂಗಸ್ ಔಷಧಕ್ಕೆ ಬಗ್ಗದ ಇಂಡೊಟಿನಿಯೆ ಎಂಬ ಜಾತಿ. ಅದಕ್ಕೆ ಹೆಸರಿಟ್ಟದ್ದು 2020ರಲ್ಲಿ, ಹೆಸರಿನಲ್ಲೇ ನಮ್ಮ ದೇಶ ಇದೆ.

ಗಜಕರ್ಣ ಪತ್ತೆ ಮಾಡುವುದೂ ಗೋಡೆಯ ಗಟ್ಟಿತನದಿಂದಲೇ. ಚರ್ಮ ಕೆರೆದು ತೆಗೆದ ಹೊಟ್ಟನ್ನು ಕೆಒಎಚ್ ಎಂಬ ಕ್ಷಾರದಲ್ಲಿ ನೆನೆಸಿದರೆ ನಮ್ಮ ಚರ್ಮ ಕರಗಿಹೋಗುತ್ತದೆ, ಫಂಗಸ್ ಎಳೆ ಕರಗದೆ ಉಳಿಯುತ್ತದೆ. ಬಟ್ಟೆಗೆ ಬಿಳುಪು ಕೊಡಲೆಂದು ಬಂದ ಕ್ಯಾಲ್ಕೊಫ್ಲೋರ್ ಬಣ್ಣ ಒಂದು ಹನಿ ಹಾಕಿದರೆ ಅದು ಕೈಟಿನ್‌ಗೆ ಅಂಟಿ, ನೇರಳಾತೀತ ಬೆಳಕಿನಲ್ಲಿ ಎಳೆಗಳು ನೀಲಿಯಾಗಿ ಹೊಳೆಯುತ್ತವೆ.

## ಇನ್ನಷ್ಟು ಆಳಕ್ಕೆ ಇಳಿದವರು ಕೇಳುವವು

ಸಕ್ಕರೆಯ ಕೋಟೇ ರೋಗಕ್ಕೆ ಕಾರಣ ಅಂತ ಹೇಗೆ ಸಾಬೀತು ಮಾಡಿದ್ರು? ಜೊತೆಗಿದೆ ಅಂದ ಮಾತ್ರಕ್ಕೆ ಕಾರಣ ಆಗಬೇಕಿಲ್ವಲ್ಲ?

ಒಳ್ಳೆಯ ತಕರಾರು. ಚಾಂಗ್ ಮತ್ತು ಕ್ವಾನ್-ಚುಂಗ್ 1994ರಲ್ಲಿ ಮಾಡಿದ ಪ್ರಯೋಗ ಇದಕ್ಕೆ ಮಾದರಿ. ಕೋಟಿಲ್ಲದ ಕ್ರಿಪ್ಟೊಕಾಕಸ್ ತಳಿಯೊಂದು ಇಲಿಗೆ ಏನೂ ಮಾಡುತ್ತಿರಲಿಲ್ಲ. ಅದಕ್ಕೆ ಕ್ಯಾಪ್59 ಎಂಬ ಒಂದು ಜೀನು ಮರಳಿ ಕೊಟ್ಟರು, ಕೋಟೂ ಬಂತು, ಇಲಿ ಸಾಯುವುದೂ ಶುರುವಾಯಿತು. ಒಳ್ಳೆಯ ತಳಿಯಲ್ಲಿ ಅದೇ ಜೀನನ್ನು ಕೆಡಿಸಿದರು, ಎರಡೂ ಹೋದವು.

ಎಲ್ಲ ಸಕ್ಕರೆಗಳಿಗೂ ಇಷ್ಟು ಸ್ವಚ್ಛ ಪುರಾವೆ ಇಲ್ಲ. ಗೋಡೆಯ ಒಂದು ಜೀನು ತೆಗೆದರೆ ಫಂಗಸ್ ಬೇರೆ ಪದರಗಳನ್ನೂ ಬದಲಿಸಿಕೊಳ್ಳುತ್ತದೆ, ಬೆಳವಣಿಗೆಯೇ ನಿಧಾನವಾಗುತ್ತದೆ. ರೋಗ ಇಳಿದದ್ದು ಸಕ್ಕರೆ ಹೋಗಿದ್ದಕ್ಕೋ, ಫಂಗಸ್ ಸೊರಗಿದ್ದಕ್ಕೋ ಎಂದು ಬಿಡಿಸುವುದು ಕಷ್ಟ. ‘ಈ ಸಕ್ಕರೆ ತೆಗೆದರೆ ಇಲಿ ಬದುಕಿತು’ ಎಂಬ ಸುದ್ದಿ ಓದಿದಾಗ ಆ ತಳಿ 37 ಡಿಗ್ರಿಯಲ್ಲಿ ಸರಿಯಾಗಿ ಬೆಳೆಯುತ್ತಿತ್ತೇ ಎಂದು ಮೊದಲು ನೋಡಿ.

ನ್ಯುಮೋನಿಯಾಗೆ ಸಕ್ಕರೆ ಕೋಟಿನ ಲಸಿಕೆ ಇದೆ. ಫಂಗಸ್‌ಗೆ ಯಾಕಿಲ್ಲ?

ಬರೀ ಸಕ್ಕರೆ ಚುಚ್ಚಿದರೆ ದೇಹಕ್ಕೆ ನೆನಪು ಉಳಿಯುವುದಿಲ್ಲ. ಅದನ್ನು ಪ್ರೋಟೀನಿಗೆ ಕಟ್ಟಿ ಕೊಟ್ಟಾಗ ನ್ಯುಮೋನಿಯಾ ತರುವ ನ್ಯುಮೊಕಾಕಸ್, ಮಕ್ಕಳ ಮೆದುಳು ಜ್ವರ ತರುವ ಹಿಬ್ ಎಂಬ ಬ್ಯಾಕ್ಟೀರಿಯಾಗಳ ಲಸಿಕೆಗಳು ಗೆದ್ದವು. ಇದನ್ನೇ ಕ್ರಿಪ್ಟೊಕಾಕಸ್ ಕೋಟಿಗೆ ಟೆಟನಸ್ ಪ್ರೋಟೀನು ಕಟ್ಟಿ ಇಲಿಗಳಲ್ಲಿ ನೋಡಿದ್ದಾರೆ. ಬಂದ ಪ್ರತಿಕಾಯಗಳಲ್ಲಿ ಕೆಲವು ಕಾಪಾಡಿದವು, ಕೆಲವು ಉಪಯೋಗಕ್ಕೆ ಬರಲಿಲ್ಲ. ಕಂದು ಪಾಚಿಯ ಬೀಟಾ-ಗ್ಲೂಕಾನನ್ನು ಡಿಫ್ತೀರಿಯಾ ಪ್ರೋಟೀನಿಗೆ ಕಟ್ಟಿ ಇಟಲಿಯವರು 2005ರಲ್ಲಿ ಮಾಡಿದ್ದು ಇಲಿಗಳನ್ನು ಕ್ಯಾಂಡಿಡಾ, ಆಸ್ಪರ್ಜಿಲಸ್ ಎರಡರಿಂದಲೂ ಕಾಪಾಡಿತು. ತೊಡಕು ಏನೆಂದರೆ, ಲಸಿಕೆ ಬೇಕಾಗಿರುವುದೇ ಲಸಿಕೆಗೆ ಸ್ಪಂದಿಸಲಾರದ ದೇಹಗಳಿಗೆ.

ಅಷ್ಟು ಕಷ್ಟಪಟ್ಟು ಮುಚ್ಚಿಕೊಳ್ಳೋ ಬದಲು, ಆ ಸಕ್ಕರೆಯನ್ನೇ ಬಿಟ್ಟುಬಿಟ್ರೆ ಆಗಲ್ವಾ?

ಬಿಟ್ಟ ಫಂಗಸ್ ಇದೆ. ನ್ಯುಮೊಸಿಸ್ಟಿಸ್ ಮನುಷ್ಯ, ಇಲಿಗಳಂಥ ಸಸ್ತನಿಗಳ ಶ್ವಾಸಕೋಶ ಬಿಟ್ಟು ಬೇರೆಡೆ ಬದುಕುವುದನ್ನೇ ಮರೆತಿದೆ. 2016ರಲ್ಲಿ ಅದರ ಜೀನೋಮ್ ಪೂರ್ತಿ ಓದಿದಾಗ ಕೈಟಿನ್ ನೇಯುವ ಜೀನುಗಳೇ ಇರಲಿಲ್ಲ, ಮ್ಯಾನಾನಿನ ಉದ್ದನೆಯ ಹೊರ ಎಳೆಗಳನ್ನು ಕಟ್ಟುವವೂ ಇರಲಿಲ್ಲ. ಬೀಟಾ-ಗ್ಲೂಕಾನ್ ಇರುವುದು ಅದರ ದುಂಡು ಸಿಸ್ಟ್ ರೂಪದ ಗೋಡೆಯಲ್ಲಿ ಮಾತ್ರ. ಅದಕ್ಕಿಂತ ಎಷ್ಟೋ ಹೆಚ್ಚಿನ ಸಂಖ್ಯೆಯಲ್ಲಿರುವ ಸಣ್ಣ ರೂಪಕ್ಕೆ ಆ ಗೋಡೆಯೂ ಇಲ್ಲ.

1981ರ ಜೂನ್‌ನಲ್ಲಿ ಲಾಸ್ ಏಂಜಲೀಸಿನ ಐವರು ಯುವಕರಲ್ಲಿ ಕಂಡು, ಏಡ್ಸ್ ಎಂಬ ಕಾಯಿಲೆಯನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟದ್ದು ಇದೇ ಫಂಗಸ್ಸಿನ ನ್ಯುಮೋನಿಯಾ. ಕ್ಯಾಸ್ಪೊಫಂಜಿನ್ ಕೊಟ್ಟ ಇಲಿಗಳಲ್ಲಿ ಸಿಸ್ಟುಗಳು ಮಾಯವಾಗುತ್ತವೆ, ಗೋಡೆಯಿಲ್ಲದ ರೂಪ ಹಾಗೇ ಉಳಿದು, ಔಷಧ ನಿಲ್ಲಿಸಿದ ಮೇಲೆ ಮತ್ತೆ ಸಿಸ್ಟ್ ಕಟ್ಟುತ್ತದೆ. ಅದಕ್ಕೇ ಇದರ ಮೊದಲ ಔಷಧ ಇವತ್ತಿಗೂ ಗೋಡೆಗೆ ಸಂಬಂಧವೇ ಇಲ್ಲದ ಕೊಟ್ರಿಮಾಕ್ಸಜೋಲ್, ಮೂತ್ರದ ಉರಿಗೂ ಕೊಡುವ ಹಳೆಯ ಅಗ್ಗದ ಮಾತ್ರೆ.